ಹಳೇ ಪಿಕಪ್ಪಿನ ಎಕ್ಸಲೇಟರ್

ಹೋದ ಸಂತೆ ದಿನ ನಮ್ಮ ಮಾವನ ಹಳೇ ಪಿಕಪ್ ಜೀಪು ಇಳಿಜಾರಿನಲ್ಲಿ ಬರ್ರನೆ ಓಡತೊಡಗಿತು. ಕಾಲು ತೆಗೆದರೂ ಎಕ್ಸಲೇಟರ್ ಮೇಲೇಳಲಿಲ್ಲ! ಮಾವ ಕ್ಲಚ್ಚು, ಬ್ರೇಕು ಎರಡೂ ಒತ್ತಿ, ನ್ಯೂಟ್ರಲ್ ಮಾಡಿ, ಗಾಡಿ ನಿಂತ ಮೇಲೆ ಕೀ ಆಫ್ ಮಾಡಿದ್ರು. ಹಿಂದೆ ಕೂತಿದ್ದ ನಾವು ಬದುಕಿದೆವು.

ಹೀಗೇಕಾಯಿತು? ಪೆಡಲ್ ತುಳಿದಾಗ ಒಂದು ಸಲಾಕೆ ಅಥವಾ ಕೇಬಲ್ಲು ಕಾರ್ಬೊರೇಟರಿನ ಬಾಗಿಲನ್ನು ತೆರೆಯುತ್ತದೆ. ಎಂಜಿನ್ನಿಗೆ ಗಾಳಿ, ಪೆಟ್ರೋಲು ಹೆಚ್ಚು ಹೋಗುತ್ತದೆ. ಡೀಸೆಲ್ ಗಾಡಿಯಲ್ಲಾದರೆ ಪಂಪಿನ ಲಿವರ್ ತಿರುಗುತ್ತದೆ. ಕಾಲು ತೆಗೆದಾಗ ಇದನ್ನೆಲ್ಲ ವಾಪಸ್ ಎಳೆಯೋದು ಒಂದು ಸ್ಪ್ರಿಂಗು. ನಮ್ಮದು ತುಕ್ಕು ಹಿಡಿದು ತುಂಡಾಗಿತ್ತು.

ಬೇರೆಯದನ್ನು ಹುಡುಕೋದು ಹೇಗೆ? ನಮ್ಮ ದೇಶದಲ್ಲಿ ಜೀಪು ಜೋಡಿಸೋದು 1940ರ ದಶಕದಲ್ಲಿ ಶುರುವಾಯಿತು. ಆಮೇಲೆ ಎಷ್ಟೋ ಮಾಡೆಲ್ ಬಂದವು. ಒಂದರ ಭಾಗ ಇನ್ನೊಂದಕ್ಕೆ ಕೂರದೇ ಇರಬಹುದು. ಆದ್ದರಿಂದ ಮುರಿದ ಚೂರನ್ನು ಎಸೆಯದೆ ಅಂಗಡಿಗೆ ಒಯ್ದು, ಉದ್ದ, ದಪ್ಪ, ಕೊಕ್ಕೆ ಎಲ್ಲ ಹೋಲಿಸಿ ನೋಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆ ಬಿಡಿಭಾಗಗಳಿಗೆ ಹೆಸರುವಾಸಿ. ಪೆಡಲ್ಲು, ಸಲಾಕೆ ಗುಜರಿಯಲ್ಲೂ ಸಿಗಬಹುದು. ಸ್ಪ್ರಿಂಗು ಮಾತ್ರ ಹೊಸದೇ ಆಗಬೇಕು. ರಬ್ಬರ್, ತಂತಿ ಕಟ್ಟಿಕೊಂಡು ಓಡಿಸಲೇಬಾರದು.

ನೆನಪಿಡಿ: ಸ್ಪ್ರಿಂಗು ಚಿಕ್ಕದು, ಪ್ರಾಣ ದೊಡ್ಡದು.