ಧ್ವನಿಯೂ ಕಿವಿಯೂ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ ಸೂರಗೊಂಡನಕೊಪ್ಪವೆಂಬ ಗ್ರಾಮವಿದೆ. ಬಂಜಾರ ಸಮುದಾಯದ ಆರಾಧ್ಯಪುರುಷರಾದ ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಇಲ್ಲಿ ಜನಿಸಿದರೆಂಬುದು ಆ ಜನರ ನಂಬಿಕೆ. ಭಾಯಾಗಡವೆಂದೂ ಹೆಸರಾದ ಈ ಕ್ಷೇತ್ರಕ್ಕೆ ಪ್ರತಿವರ್ಷವೂ ಫೆಬ್ರವರಿಯ ನಡುಭಾಗದಲ್ಲಿ ಮಾಲೆ ಧರಿಸಿದ ಭಕ್ತರು ದೂರದೂರದ ತಾಂಡಾಗಳಿಂದ ಬಂದು ಸೇರುತ್ತಾರೆ. ಕಾಲ್ನಡಿಗೆಯಲ್ಲಿಯೇ ಬರುವವರೂ ಉಂಟು. ನಗಾರಿಯ ಗಂಭೀರ ನಾದ, ಅದರೊಡನೆ ಕಂಚಿನ ತಟ್ಟೆಯ ತೀಕ್ಷ್ಣವಾದ ದನಿ, ಇವೆರಡರ ನಡುವೆ ಸಾಗುವ ಭಜನೆ, ಇವು ಲಂಬಾಣಿಗರ ಹಾಡಿಕೆಯ ಜೀವಾಳ. ಅವರ ಮಾತಾದ ಗೋರಬೋಲಿಗೆ ತನ್ನದೇ ಆದ ಲಿಪಿಯಿಲ್ಲ. ಎತ್ತುಗಳ ಬೆನ್ನ ಮೇಲೆ ಉಪ್ಪನ್ನೂ ದವಸವನ್ನೂ ಹೇರಿಕೊಂಡು ದೇಶಸಂಚಾರ ಮಾಡುತ್ತಿದ್ದ ಈ ಜನ ತಮ್ಮ ಕಥೆ, ಗೀತೆ, ಗಾದೆಗಳನ್ನೆಲ್ಲ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ದಾಟಿಸುತ್ತ ಬಂದರು. ಅವರ ಪಾಲಿಗೆ ಕಿವಿಯೇ ಗ್ರಂಥಭಂಡಾರ.

ಇಂದು ಜಾತ್ರೆಗೆ ಹೊರಟ ಬಸ್ಸಿನಲ್ಲಿ ಒಬ್ಬ ಹುಡುಗ ಅದೇ ಭಜನೆಯನ್ನು ಹೆಡ್‌ಫೋನಿನ ಮೂಲಕ ಕೇಳುತ್ತ ಕುಳಿತಿರಬಹುದು. ಎಂಜಿನ್ನಿನ ಗದ್ದಲವನ್ನು ಮೀರಿ ಹಾಡು ಕೇಳಬೇಕೆಂದು ಆತ ಧ್ವನಿಯನ್ನು ಏರಿಸುತ್ತಾನೆ. ಘಟ್ಟದ ಏರಿನಲ್ಲಿ ಎಂಜಿನ್ನು ಮೊರೆದರೆ ಮತ್ತಷ್ಟು ಏರಿಸುತ್ತಾನೆ. ಇಳಿಸುವುದನ್ನು ಮಾತ್ರ ಮರೆಯುತ್ತಾನೆ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಆರಂಭವಾದ ಕಾಲದಲ್ಲಿ ರೇಡಿಯೋ ಮನೆಮಂದಿಯೆಲ್ಲ ಕೂಡಿ ಕೇಳುವ ವಸ್ತುವಾಗಿತ್ತು. ದನಿ ಹೆಚ್ಚಾದರೆ ಅಜ್ಜಿಯೋ ನೆರೆಯವರೋ ಗದರುತ್ತಿದ್ದರು. ಹೆಡ್‌ಫೋನಿನೊಳಗಿನ ಸದ್ದಾದರೋ ಕೇಳುವವನೊಬ್ಬನಿಗೇ ಗೊತ್ತು. ಗದರುವವರು ಯಾರೂ ಇಲ್ಲ.

ಆ ಸದ್ದು ಹೋಗಿ ಸೇರುವ ಸ್ಥಳವು ಅತಿ ಸೂಕ್ಷ್ಮವಾದುದು. ವಾಯುವಿನಲ್ಲಿ ಸಾಗಿ ಬಂದ ಶಬ್ದತರಂಗವು ಸುಮಾರು ಎರಡೂವರೆ ಸೆಂಟಿಮೀಟರು ಉದ್ದದ ಕಿವಿಯ ನಾಳವನ್ನು ಹಾಯ್ದು ತಮಟೆಯನ್ನು ಮುಟ್ಟುತ್ತದೆ. ತಮಟೆಯ ಅದುರುವಿಕೆಯನ್ನು ಸುತ್ತಿಗೆ, ಅಡಿಗಲ್ಲು, ರಿಕಾಪುಗಳೆಂಬ ಮೂರು ಕಿರುಮೂಳೆಗಳು ಒಳಗಿವಿಗೆ ಒಯ್ಯುತ್ತವೆ. ರಿಕಾಪು ಮನುಷ್ಯನ ದೇಹದಲ್ಲಿಯೇ ಅತಿ ಚಿಕ್ಕ ಮೂಳೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ, ದ್ರವ ತುಂಬಿದ ನಾಳವೊಂದಿದೆ. ಇದೇ ಶಂಖನಾಳ. ಇದರೊಳಗೆ ಸಾಲಾಗಿ ನಿಂತಿರುವ ರೋಮಕೋಶಗಳು ದ್ರವದ ಅಲೆಗೆ ತೊನೆದು, ಆ ಚಲನೆಯನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ನರದ ಮೂಲಕ ಮಿದುಳಿಗೆ ಕಳುಹಿಸುತ್ತವೆ. ಒಂದು ಕಿವಿಯಲ್ಲಿ ಇಂಥ ಕೋಶಗಳು ಸುಮಾರು 15,000 ಮಾತ್ರ. ಇವೆಲ್ಲವೂ ಮಗು ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ. ಮುರಿದ ಮೂಳೆ ಕೂಡೀತು, ತರಚಿದ ಚರ್ಮ ಮಾಯ್ದೀತು; ಸತ್ತ ರೋಮಕೋಶ ಮಾತ್ರ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕೋಳಿಯಂತಹ ಪಕ್ಷಿಗಳಲ್ಲಿ ಅವು ಮರಳಿ ಬೆಳೆಯುತ್ತವೆಂಬುದು ವಿಜ್ಞಾನಿಗಳಿಗೆ ತಿಳಿದಿದೆ. ಮನುಷ್ಯನಿಗೆ ಆ ಭಾಗ್ಯವಿಲ್ಲ.

ಶಬ್ದದ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಈ ಮಾನದ ಲೆಕ್ಕ ತೂಕ ಅಳತೆಗಳ ಲೆಕ್ಕದಂತಲ್ಲ. ಇಲ್ಲಿ ಹತ್ತು ಡೆಸಿಬೆಲ್ ಹೆಚ್ಚಿತೆಂದರೆ ಶಬ್ದದ ತೀವ್ರತೆ ಹತ್ತು ಪಟ್ಟಾಯಿತೆಂದು ಅರ್ಥ. ಮೂರು ಡೆಸಿಬೆಲ್ ಹೆಚ್ಚಿದರೆ ಸುಮಾರು ಎರಡು ಪಟ್ಟು. ಸಾಧಾರಣ ಸಂಭಾಷಣೆ 60 ಡೆಸಿಬೆಲ್ಲಿನಷ್ಟಿದ್ದರೆ, 100 ಡೆಸಿಬೆಲ್ಲಿನ ಸದ್ದು ಅದಕ್ಕಿಂತ ಹತ್ತು ಸಾವಿರ ಪಟ್ಟು ತೀವ್ರವಾದುದು. ಆದರೆ ಕೇಳುವವನಿಗೆ ಅದು ಹತ್ತು ಸಾವಿರ ಪಟ್ಟಾಗಿ ತೋರುವುದಿಲ್ಲ. ಕಿವಿಯ ಈ ಔದಾರ್ಯವೇ ಅದಕ್ಕೆ ಅಪಾಯವನ್ನು ತಂದಿದೆ.

ಹೆಡ್‌ಫೋನಿನ ಚರಿತ್ರೆ ದೀರ್ಘವಾದುದೇನಲ್ಲ. ಅಮೆರಿಕದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ತಾನು ತಯಾರಿಸಿದ ಹೆಡ್‌ಫೋನುಗಳನ್ನು ಅಲ್ಲಿಯ ನೌಕಾಪಡೆಗೆ ಮಾರಿದನು. 1937ರಲ್ಲಿ ಬರ್ಲಿನ್ನಿನ ಬೇಯರ್ ಸಂಸ್ಥೆ ಚಲಿಸುವ ಸುರುಳಿಯ ಹೆಡ್‌ಫೋನನ್ನೂ, 1958ರಲ್ಲಿ ಜಾನ್ ಕಾಸ್ ಎಂಬಾತ ಸಂಗೀತಕ್ಕಾಗಿಯೇ ಸ್ಟೀರಿಯೋ ಹೆಡ್‌ಫೋನನ್ನೂ ಹೊರತಂದರು. 1979ರಲ್ಲಿ ಜಪಾನಿನ ವಾಕ್‌ಮನ್ ಬಂದ ಮೇಲೆ ಹೆಡ್‌ಫೋನು ಬೀದಿಗಿಳಿಯಿತು.

ಚಲಿಸುವ ಸುರುಳಿಯ ಹೆಡ್‌ಫೋನಿನ ತತ್ವ ಸರಳವಾದುದು. ತೆಳುವಾದ ಪೊರೆಯೊಂದಕ್ಕೆ ಸಣ್ಣ ತಂತಿಯ ಸುರುಳಿಯನ್ನು ಅಂಟಿಸಿ, ಅದನ್ನು ಕಾಂತದ ಕ್ಷೇತ್ರದೊಳಗೆ ಇಟ್ಟಿರುತ್ತಾರೆ. ಹಾಡಿನ ಏರಿಳಿತಕ್ಕೆ ಸರಿಯಾಗಿ ವಿದ್ಯುತ್ತು ಸುರುಳಿಯಲ್ಲಿ ಹರಿದಂತೆ ಪೊರೆಯು ಹಿಂದೆ ಮುಂದೆ ಅದುರುತ್ತದೆ. ಈ ವಿದ್ಯುತ್ತನ್ನು ಒದಗಿಸುವುದು ವರ್ಧಕದ ಕೆಲಸ. ಸಂಗೀತಪ್ರಿಯರು ಹೆಡ್‌ಫೋನಿಗೆ ತಕ್ಕ ವರ್ಧಕವನ್ನು ಹುಡುಕುವಾಗ ಎರಡು ಗುಣಗಳನ್ನು ನೋಡುತ್ತಾರೆ. ಮೊದಲನೆಯದು ಸಂವೇದನಶೀಲತೆ, ಎಂದರೆ ಒಂದು ಮಿಲಿವಾಟ್ ಸಾಮರ್ಥ್ಯವನ್ನು ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಹೊರಡುತ್ತದೆ ಎಂಬುದು. ಇನ್ನೊಂದು ಪ್ರತಿಬಾಧೆ, ವಿದ್ಯುತ್ ಪ್ರವಾಹಕ್ಕೆ ಸುರುಳಿಯು ಒಡ್ಡುವ ಈ ತಡೆಯನ್ನು ಓಮ್‌ಗಳಲ್ಲಿ ಹೇಳುತ್ತಾರೆ.

ಚನ್ನಗಿರಿಯ ಅಡಕೆ ತೋಟಕ್ಕೆ ನೀರು ಹಾಯಿಸುವವರಿಗೆ ಇದು ಅಪರಿಚಿತವಾದ ವಿಷಯವಲ್ಲ. ಕಿರಿದಾದ ಕೊಳವೆಯಲ್ಲಿ ನೀರು ಹರಿಯಬೇಕಾದರೆ ಪಂಪು ಹೆಚ್ಚು ಒತ್ತಡವನ್ನು ಕೊಡಬೇಕಾಗುತ್ತದೆ. ಹಾಗೆಯೇ ಪ್ರತಿಬಾಧೆ ಹೆಚ್ಚಿದ್ದರೆ ಹೆಚ್ಚು ವೋಲ್ಟೇಜು ಬೇಕು. 32 ಓಮ್‌ನ ಹೆಡ್‌ಫೋನಿಗೆ ಒಂದು ಮಿಲಿವಾಟನ್ನು ಊಡಲು 0.18 ವೋಲ್ಟ್ ಸಾಕು. 300 ಓಮ್‌ನದಕ್ಕಾದರೆ ಸುಮಾರು 0.55 ವೋಲ್ಟ್, ಅಂದರೆ ಮೂರು ಪಟ್ಟು ಬೇಕಾಗುತ್ತದೆ. ಹೆಚ್ಚು ಓಮ್‌ನ ಹೆಡ್‌ಫೋನನ್ನು ದುರ್ಬಲವಾದ ಉಪಕರಣಕ್ಕೆ ಜೋಡಿಸಿದಾಗ ದನಿ ಸಣ್ಣದಾಗುವುದು ಇದರಿಂದಲೇ.

ವರ್ಧಕಕ್ಕೂ ತನ್ನದೇ ಆದ ಒಳಪ್ರತಿಬಾಧೆಯುಂಟು. ಅನೇಕ ಹೆಡ್‌ಫೋನುಗಳ ಪ್ರತಿಬಾಧೆ ಎಲ್ಲ ಸ್ವರಗಳಿಗೂ ಒಂದೇ ಸಮನಾಗಿರುವುದಿಲ್ಲ. ನಡುವಿನ ಸ್ವರಗಳಿಗೆ 30 ಓಮ್ ಇದ್ದು ತಗ್ಗಿನ ಸ್ವರಗಳಲ್ಲಿ 90 ಓಮ್‌ಗೆ ಏರುವ ಹೆಡ್‌ಫೋನನ್ನು, 30 ಓಮ್ ಒಳಪ್ರತಿಬಾಧೆಯ ವರ್ಧಕಕ್ಕೆ ಜೋಡಿಸಿದರೆಂದು ಭಾವಿಸೋಣ. ಆಗ ನಡುವಿನ ಸ್ವರಗಳಿಗೆ ವೋಲ್ಟೇಜಿನ ಅರ್ಧಭಾಗ ದೊರೆತರೆ, ತಗ್ಗಿನ ಸ್ವರಗಳಿಗೆ ಮುಕ್ಕಾಲು ಭಾಗ ದೊರೆಯುತ್ತದೆ. ಫಲವಾಗಿ ನಗಾರಿಯ ನಾದ ಊದಿಕೊಂಡು ಹಾಡುಗಾರನ ಕಂಠವನ್ನು ಮುಚ್ಚುತ್ತದೆ. ವರ್ಧಕದ ಒಳಪ್ರತಿಬಾಧೆಯು ಹೆಡ್‌ಫೋನಿನದರ ಎಂಟನೆಯ ಒಂದು ಭಾಗವನ್ನು ಮೀರಬಾರದೆಂಬ ರೂಢಿಯ ನಿಯಮ ಹುಟ್ಟಿರುವುದು ಈ ಕಾರಣಕ್ಕಾಗಿ.

ಇಷ್ಟೆಲ್ಲ ಲೆಕ್ಕ ಹಾಕಿದವರೂ ಸಾಮರ್ಥ್ಯದ ವಿಷಯದಲ್ಲಿ ಎಡವುವುದುಂಟು. ಒಂದು ಮಿಲಿವಾಟಿಗೆ 100 ಡೆಸಿಬೆಲ್ ಕೊಡುವ ಹೆಡ್‌ಫೋನಿನಲ್ಲಿ 80 ಡೆಸಿಬೆಲ್ಲಿನ ಹಾಡು ಕೇಳಲು ಬೇಕಾದುದು ಮಿಲಿವಾಟಿನ ನೂರನೆಯ ಒಂದು ಭಾಗ. ನಗಾರಿಯ ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹಾರಿದರೂ ಒಂದು ಮಿಲಿವಾಟ್ ಸಾಕಾಗುತ್ತದೆ. ಸಂವೇದನಶೀಲತೆ ತೀರ ಕಡಮೆಯಿರುವ ಹೆಡ್‌ಫೋನುಗಳ ಮಾತು ಬೇರೆ. ಉಳಿದವರು ವಾಟುಗಟ್ಟಲೆ ಸಾಮರ್ಥ್ಯದ ವರ್ಧಕವನ್ನು ಕೊಳ್ಳುವುದು, ಎಳೆಗರುವಿಗೆ ಆನೆಯ ಮೇವನ್ನು ತಂದು ಸುರಿದಂತೆ. ಮೇಲಾಗಿ ಅಂಥ ವರ್ಧಕದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸದ್ದು ಹಠಾತ್ತನೆ ನೆಗೆಯುತ್ತದೆ. ಗುಂಡಿಯನ್ನು ಪೂರ್ತಿ ಇಳಿಸಿ, ಅನಂತರ ಹೆಡ್‌ಫೋನನ್ನು ಜೋಡಿಸಿ, ಕಿವಿಗೆ ಧರಿಸಿ, ಮೆಲ್ಲನೆ ಏರಿಸುವುದು ಬಲ್ಲವರ ಕ್ರಮ.

ಒಳ್ಳೆಯ ಹೆಡ್‌ಫೋನಿನಲ್ಲಿ ಮತ್ತೊಂದು ಮೋಸವೂ ಅಡಗಿದೆ. ಅಗ್ಗದ ಉಪಕರಣವು ಸದ್ದು ಹೆಚ್ಚಿದೊಡನೆ ಕರಕರ ಎಂದು ಒಡೆಯುತ್ತದೆ; ಕೇಳುವವನು ಬೇಸತ್ತು ಇಳಿಸುತ್ತಾನೆ. ಉತ್ತಮ ಹೆಡ್‌ಫೋನೂ ತಕ್ಕ ವರ್ಧಕವೂ ಕೂಡಿದಾಗ ಧ್ವನಿ ಎಷ್ಟೇರಿದರೂ ನಿರ್ಮಲವಾಗಿಯೇ ಇರುವುದರಿಂದ ಏರಿದ್ದು ಗಮನಕ್ಕೆ ಬರುವುದಿಲ್ಲ. ನಿರ್ಮಲವಾದ 100 ಡೆಸಿಬೆಲ್ಲೂ ಕರ್ಕಶವಾದ 100 ಡೆಸಿಬೆಲ್ಲೂ ರೋಮಕೋಶಕ್ಕೆ ಒಂದೇ.

ವಯಸ್ಕರು ವಾರಕ್ಕೆ 40 ಗಂಟೆಗಳವರೆಗೆ 80 ಡೆಸಿಬೆಲ್ ಮಟ್ಟದಲ್ಲಿ ಕೇಳಬಹುದೆಂದೂ, ಮಕ್ಕಳಿಗೆ ಅದು 75ರ ಮಟ್ಟದಲ್ಲಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಮೂರು ಡೆಸಿಬೆಲ್ ಏರಿದಂತೆಲ್ಲ ಕೇಳುವ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು. ಹೀಗಾಗಿ ವಯಸ್ಕರಿಗೂ 90 ಡೆಸಿಬೆಲ್ಲಿನಲ್ಲಿ ವಾರಕ್ಕೆ ನಾಲ್ಕು ಗಂಟೆ ಮಾತ್ರ. 100 ಡೆಸಿಬೆಲ್ಲಿನಲ್ಲಿ ಅರ್ಧ ಗಂಟೆಗೂ ಕಡಮೆ. ಜಗತ್ತಿನಲ್ಲಿ 100 ಕೋಟಿಗೂ ಮಿಕ್ಕ ಯುವಜನರು ಈ ಮಿತಿಯನ್ನು ಲೆಕ್ಕಿಸದೆ ಕೇಳುವುದರಿಂದ ಅಪಾಯದಲ್ಲಿದ್ದಾರೆಂದು ಆ ಸಂಸ್ಥೆಯೇ ಹೇಳಿದೆ. ಬಸ್ಸಿನಂಥ ಗದ್ದಲದ ಸ್ಥಳದಲ್ಲಿ, ಹೊರಗಿನ ಸದ್ದನ್ನು ತಡೆಯುವ ಮುಚ್ಚಿದ ಹೆಡ್‌ಫೋನು ತೆರೆದ ಹೆಡ್‌ಫೋನಿಗಿಂತ ಮೇಲು. ಅಲ್ಲಿ ಹಾಡನ್ನು ಏರಿಸುವ ಅಗತ್ಯವೇ ಬೀಳುವುದಿಲ್ಲ. ರಸ್ತೆಯಲ್ಲಿ ನಡೆಯುವವನು ಮಾತ್ರ ಅದನ್ನು ಧರಿಸಬಾರದು, ಹಿಂದಿನಿಂದ ಬರುವ ವಾಹನದ ಸದ್ದು ಅವನಿಗೆ ಕೇಳಿಸುವುದಿಲ್ಲ.

ಜಾತ್ರೆಯ ಧ್ವನಿವರ್ಧಕಕ್ಕೂ ಈ ಲೆಕ್ಕ ಅನ್ವಯಿಸುತ್ತದೆ. ಬಯಲಿನಲ್ಲಿ ದೂರವು ಎರಡು ಪಟ್ಟಾದಾಗಲೆಲ್ಲ ಸದ್ದು ಆರು ಡೆಸಿಬೆಲ್ ತಗ್ಗುತ್ತದೆ. ಪೆಟ್ಟಿಗೆಯಿಂದ ಎರಡು ಮೀಟರು ದೂರದಲ್ಲಿ 110 ಡೆಸಿಬೆಲ್ ಇದ್ದರೆ, ಹದಿನಾರು ಮೀಟರು ದೂರದಲ್ಲಿ ಅದು 92ಕ್ಕೆ ಇಳಿದಿರುತ್ತದೆ. ಕಿವಿಗೆ ಹತ್ತಿ ತುರುಕಿಕೊಳ್ಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹತ್ತು ಹೆಜ್ಜೆ ಹಿಂದೆ ಸರಿಯುವುದರಿಂದ ಇದೆ. ಭಾರತ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳು ವಾಸಸ್ಥಳಗಳಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ಲುಗಳ ಮಿತಿಯನ್ನು ವಿಧಿಸಿವೆ. ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿವೆ. ಹಬ್ಬಗಳಿಗಾಗಿ ವರ್ಷದಲ್ಲಿ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯಗಳಿಗುಂಟು.

ಗದ್ದಲದಿಂದ ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ದನಿ ಉಳಿಯುವುದು, ಕಿವಿ ಮುಚ್ಚಿಕೊಂಡಂತಾಗುವುದು ಹಲವರ ಅನುಭವ. ಮರುದಿನ ಸರಿಹೋಯಿತೆಂದು ಜನ ಸಮಾಧಾನಪಡುತ್ತಾರೆ. ಆದರೆ 2009ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಒಂದು ಪ್ರಯೋಗದಲ್ಲಿ ಕೇಳುವ ಶಕ್ತಿ ಮರಳಿದಂತೆ ತೋರಿದ ಮೇಲೂ ರೋಮಕೋಶಗಳನ್ನು ನರಕ್ಕೆ ಜೋಡಿಸುವ ಸಂಧಿಗಳು ಬಹುಮಟ್ಟಿಗೆ ನಾಶವಾಗಿದ್ದುದು ಕಂಡುಬಂದಿತು.

ಅತಿ ಸದ್ದಿನಿಂದಾಗುವ ನಷ್ಟವು ಮೊದಲು ಕಾಣಿಸಿಕೊಳ್ಳುವುದು 4000 ಹರ್ಟ್ಸ್‌ ಆವೃತ್ತಿಯ ಸುತ್ತಮುತ್ತ. ಸ್ವರಾಕ್ಷರಗಳ ಬಲವೆಲ್ಲ ತಗ್ಗಿನ ಆವೃತ್ತಿಗಳಲ್ಲಿದೆ. ಸಕಾರ ಶಕಾರಗಳಂಥ ವ್ಯಂಜನಗಳ ಗುರುತು ಏರಿನ ಆವೃತ್ತಿಗಳಲ್ಲಿದೆ. ಆದುದರಿಂದ ಕಿವಿ ಕೆಟ್ಟವನಿಗೆ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಸಾಲು, ಹಾಲು, ಕಾಲು, ಪಾಲು ಎಲ್ಲವೂ ಒಂದೇ ಆಗುತ್ತವೆ. ಬರೆದಿಟ್ಟ ಭಾಷೆಯವನು ಪುಸ್ತಕವನ್ನಾದರೂ ತೆರೆದು ನೋಡಬಹುದು. ಅಜ್ಜಿಯ ಹಾಡನ್ನು ಕಿವಿಯಿಂದಲೇ ಕಲಿಯಬೇಕಾದ ತಾಂಡಾದ ಹುಡುಗಿಗೆ ಆ ದಾರಿಯಿಲ್ಲ.

ಇಂಥ ನಷ್ಟವನ್ನು ಅಳೆಯುವುದಕ್ಕೂ ಹೆಡ್‌ಫೋನೇ ಸಾಧನ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆಗಳಲ್ಲಿ, ಹೊರಗಿನ ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ನಿಖರವಾಗಿ ಅಳೆದು ಹೊಂದಿಸಿದ ಹೆಡ್‌ಫೋನಿನ ಮೂಲಕ 250ರಿಂದ 8000 ಹರ್ಟ್ಸ್‌ವರೆಗಿನ ಶುದ್ಧ ಸ್ವರಗಳನ್ನು ಒಂದೊಂದು ಕಿವಿಗೂ ಬೇರೆಬೇರೆಯಾಗಿ ಕೇಳಿಸುತ್ತಾರೆ. ಸ್ವರವು ಕ್ಷೀಣಿಸುತ್ತ ಹೋಗುತ್ತದೆ. ಕೇಳಿಸಿದಾಗಲೆಲ್ಲ ಕುಳಿತವನು ಬೆರಳೆತ್ತಬೇಕು. ಬೆರಳು ಎದ್ದ ಅತಿ ಕ್ಷೀಣವಾದ ಮಟ್ಟವನ್ನು ತಜ್ಞರು ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಾರೆ.