ಕುರ್ಚಿಯಲ್ಲೇ ಕುಳಿತು ನಿಧಿ ಬೇಟೆ

ಮಕ್ಕಳೇ, ಕುರ್ಚಿಯಿಂದ ಏಳದೆ ನಿಧಿ ಹುಡುಕಬಹುದೇ? ಅಮೆರಿಕದ ಬೈರನ್ ಪ್ರೈಸ್ 12 ಪುಟ್ಟ ಪೆಟ್ಟಿಗೆಗಳನ್ನು ಬೇರೆಬೇರೆ ಕಡೆ ಹೂತಿಟ್ಟು, 1982ರಲ್ಲಿ ‘ದಿ ಸೀಕ್ರೆಟ್’ ಎಂಬ ಪುಸ್ತಕ ತಂದರು. ಅದರಲ್ಲಿ 12 ಚಿತ್ರ, 12 ಪದ್ಯ. ಯಾವ ಚಿತ್ರಕ್ಕೆ ಯಾವ ಪದ್ಯವೆಂದು ಜೋಡಿಸುವುದೇ ಮೊದಲ ಒಗಟು. ಪೆಟ್ಟಿಗೆ ಸಿಕ್ಕವರಿಗೆ ಒಂದು ರತ್ನ!

ಚಿತ್ರದಲ್ಲಿ ಅಡಗಿದ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಆನ್‌ಲೈನ್ ನಕ್ಷೆಗೆ ಹಾಕಿದರೆ ಊರು ಸಿಗುತ್ತದೆ. ಆಮೇಲೆ ಪದ್ಯ ಹೇಳುವ ಗುರುತುಗಳನ್ನು ಅಲ್ಲಿನ ಬೀದಿಗಳ ಫೋಟೊಗಳಲ್ಲಿ ಹುಡುಕಬೇಕು. ತೊಡಕು ಇಲ್ಲೇ: ನಕ್ಷೆ ಇಂದಿನದು, ಒಗಟು ಅಂದಿನದು. ಕಡಿದ ಮರ, ಕೆಡವಿದ ಗೋಡೆ ಹಳೆಯ ಫೋಟೊಗಳಲ್ಲಿ, ಅಜ್ಜಿ–ತಾತಂದಿರ ನೆನಪಿನಲ್ಲಿ ಮಾತ್ರ ಉಳಿದಿರುತ್ತವೆ.

ಪ್ರೈಸ್ 2005ರಲ್ಲಿ ಗುಟ್ಟು ಬಿಡದೆಯೇ ತೀರಿಕೊಂಡರು. ಶಿಕಾಗೊದಲ್ಲಿ 1983ರಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ 2004ರಲ್ಲಿ ಪೆಟ್ಟಿಗೆ ಸಿಕ್ಕಿದ್ದವು. ಮೂರನೆಯದು 2019ರಲ್ಲಿ, ಬಾಸ್ಟನ್‌ನ ಉದ್ಯಾನವೊಂದರಲ್ಲಿ ಕಾಮಗಾರಿ ನಡೆಯುತ್ತಿದ್ದಾಗ!