ವಿಜ್ಞಾನ ಪ್ರದರ್ಶನಶಾಲೆಯ ನೇಪಥ್ಯ

ನಾಟಕವನ್ನು ನೋಡಿ ಮೆಚ್ಚಿದ ಪ್ರೇಕ್ಷಕನು ಬಣ್ಣದ ಕೋಣೆಯನ್ನು ನೆನೆಯುವುದು ಅಪೂರ್ವ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ನೋಡಿ ಬರುವ ಚಾಮರಾಜನಗರ, ಗುಂಡ್ಲುಪೇಟೆಗಳ ವಿದ್ಯಾರ್ಥಿಗಳ ಸ್ಥಿತಿಯೂ ಇದೇ. ಅವರು ಯಂತ್ರಗಳನ್ನು ಕಾಣುವರು. ಅವನ್ನು ದಿನದಿನವೂ ನಡೆಯುವಂತೆ ಇಟ್ಟಿರುವ ಕೈಗಳನ್ನು ಕಾಣರು. ಆ ಕೈಗಳ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರಲ್ಲಿ ಅರಿಕೆ ಮಾಡಬೇಕೆಂದಿದ್ದೇವೆ. ನಮ್ಮ ಜಿಲ್ಲೆಯ ಹಿತವೂ ಅದರಲ್ಲಿ ಅಡಗಿರುವುದು.

ಸರ್ ಎಂ. ವಿಶ್ವೇಶ್ವರಯ್ಯನವರ ಗೌರವಾರ್ಥವಾಗಿ ನಿರ್ಮಿತವಾದ ಈ ಮಂದಿರವನ್ನು ಪಂಡಿತ ಜವಾಹರಲಾಲ ನೆಹರೂರವರು 1962ನೆಯ ಇಸವಿ ಜುಲೈ 14ರಂದು ಉದ್ಘಾಟಿಸಿದರು. ಅದಕ್ಕೆ ಸುಮಾರು ಮೂರು ತಿಂಗಳ ಹಿಂದೆ ಆ ಮಹನೀಯರು ದಿವಂಗತರಾಗಿದ್ದರು. 1965ರಲ್ಲಿ ಸಾರ್ವಜನಿಕರಿಗೆ ತೆರೆದ ಮೊದಲನೆಯ ವಿಭಾಗವು ವಿದ್ಯುಚ್ಛಕ್ತಿಗೆ ಸಂಬಂಧಿಸಿದುದು. ನಮ್ಮ ಸೀಮೆಯವರಿಗೆ ಇದರಲ್ಲಿ ವಿಶೇಷಾರ್ಥವುಂಟು. ಕೊಳ್ಳೇಗಾಲದ ನೆರೆಯ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿಯೇ ಸುಮಾರು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ನೆರೆಯ ಹಳ್ಳಿಗಳಲ್ಲಿ ಮಾತ್ರ ಬಹುಕಾಲ ಎಣ್ಣೆಯ ದೀಪವೇ ಗತಿಯಾಗಿತ್ತು. ಮಗ್ಗುಲಲ್ಲಿ ಹುಟ್ಟಿದ ಶಕ್ತಿಯು ದೂರದವರಿಗೆ ಒದಗಿತು. ವಿದ್ಯೆಯ ವಿಷಯದಲ್ಲಿಯೂ ಹೀಗೆಯೇ ಆಗಬೇಕೆ?

ಈ ಪ್ರದರ್ಶನಶಾಲೆಯಲ್ಲಿ ಬಹುಪಾಲು ವಸ್ತುಗಳನ್ನು ಮುಟ್ಟಿ, ತಿರುಗಿಸಿ, ಒತ್ತಿ ನೋಡಬೇಕು. ಹಿಡಿಯನ್ನು ತಿರುಗಿಸಿದರೆ ತಂತಿಯ ಸುರುಳಿಯ ಬಳಿ ಅಯಸ್ಕಾಂತವು ಸುತ್ತಿ ದೀಪವು ಹತ್ತುವುದು. ಶಿವನಸಮುದ್ರದಲ್ಲಿ ನೀರು ಮಾಡುವ ಕೆಲಸವನ್ನು ಇಲ್ಲಿ ಮಗುವಿನ ಕೈಯೇ ಮಾಡುವುದು. ಆದರೆ ದಿನವೂ ನೂರಾರು ಕೈಗಳು ತಿರುಗಿಸಿದ ಹಿಡಿಯು ಸಡಿಲವಾಗದೆ ಇರದು. ತಂತಿ ಕಡಿಯುವುದು, ದೀಪವು ಸುಡುವುದು. ಕೆಟ್ಟು ನಿಂತ ಯಂತ್ರವು ಮಗುವಿಗೆ ವಿಜ್ಞಾನವೇ ಸುಳ್ಳೆಂಬ ಪಾಠವನ್ನು ಕಲಿಸುವುದು. ಆದಕಾರಣ ಇಂಥ ಸಂಸ್ಥೆಗೆ ಕಾರ್ಯಾಗಾರವೇ ಪ್ರಾಣ. ಅಲ್ಲಿ ನಕ್ಷೆ ಬರೆಯುವವರು, ಮರಗೆಲಸದವರು, ಲೋಹದ ಕೆಲಸದವರು, ವಿದ್ಯುತ್ತಿನ ಕೆಲಸ ಬಲ್ಲವರು, ಚಿತ್ರಕಾರರು ಕೂಡಿ ಪ್ರದರ್ಶನವಸ್ತುಗಳನ್ನು ತಾವೇ ನಿರ್ಮಿಸುವರು. ಮಾಡಿದವರೇ ರಿಪೇರಿಯನ್ನೂ ಮಾಡಬಲ್ಲರು. ಹೊರಗಿನಿಂದ ಬಿಡಿಭಾಗವು ಬರಲೆಂದು ಕಾದು ಕೂಡಬೇಕಾಗಿಲ್ಲ. ಸ್ವದೇಶಿ ಎಂಬ ಮಾತಿಗೆ ಇದಕ್ಕಿಂತ ಸರಳವಾದ ವ್ಯಾಖ್ಯಾನ ಬೇಕೆ?

ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್‌ಗಳಷ್ಟು ದಾರಿ. ಬಡವರ ಮಕ್ಕಳೆಲ್ಲರೂ ಅಲ್ಲಿಗೆ ಹೋಗಲಾರರು. ಇದನ್ನರಿತು ಸಂಸ್ಥೆಯವರು ಸಂಚಾರೀ ಪ್ರದರ್ಶನವನ್ನು ಏರ್ಪಡಿಸಿರುವರು. ಪ್ರದರ್ಶನವಸ್ತುಗಳನ್ನು ಹೊತ್ತ ಬಸ್ಸು ಹಳ್ಳಿಯ ಶಾಲೆಯ ಅಂಗಳದಲ್ಲಿ ನಿಲ್ಲುವುದು. ರಾತ್ರಿ ದೂರದರ್ಶಕದಿಂದ ಆಕಾಶವನ್ನು ತೋರಿಸುವುದೂ ಉಂಟು. ಇದು ಸ್ತುತ್ಯವಾದ ಕಾರ್ಯ. ಆದರೆ ಬಸ್ಸು ಹೊರಟುಹೋದ ಮರುದಿನ, ಪ್ರಶ್ನೆ ಹುಟ್ಟಿದ ಹುಡುಗನು ಎಲ್ಲಿಗೆ ಹೋಗಬೇಕು?

ನಮ್ಮಲ್ಲಿ ಕುಶಲರಿಗೆ ಕೊರತೆಯಿಲ್ಲ. ಊಟಿಯ ಹಾದಿಯ ಗುಂಡ್ಲುಪೇಟೆಯಲ್ಲಿ ಲಾರಿಯ ಎಂಜಿನ್ ಬಿಚ್ಚಿ ಕೂಡಿಸುವವರಿದ್ದಾರೆ. ಚಾಮರಾಜನಗರದಲ್ಲಿ ಪಂಪಿನ ಮೋಟಾರಿಗೆ ತಂತಿ ಸುತ್ತಿಕೊಡುವವರಿದ್ದಾರೆ. ಇವರ ಕೈಗಳನ್ನೂ ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರ ಬುದ್ಧಿಯನ್ನೂ ಒಂದು ಕೋಣೆಯಲ್ಲಿ ಕೂಡಿಸಿದರೆ, ಸಣ್ಣದೊಂದು ಪ್ರದರ್ಶನಶಾಲೆಯು ತಾನೇ ಹುಟ್ಟುವುದು. ಭವ್ಯವಾದ ಕಟ್ಟಡವನ್ನು ನಾವು ಬೇಡುತ್ತಿಲ್ಲ. ಕಟ್ಟಡಕ್ಕೆ ಹಣ ದೊರೆತು ರಿಪೇರಿಗೆ ದೊರೆಯದಿದ್ದರೆ ಉದ್ಘಾಟನೆಯ ಹೂವು ಬಾಡುವ ಮೊದಲೇ ಬೀಗ ಬೀಳುವುದು. ಪ್ರತಿ ತಾಲ್ಲೂಕಿನ ಮುಖ್ಯ ಸ್ಥಳದಲ್ಲಿ ಒಂದು ಕೋಣೆ, ಒಂದು ಪೆಟ್ಟಿಗೆ ಹತ್ಯಾರು, ಒಬ್ಬ ಕುಶಲಿಗೆ ಸಂಬಳ, ವರ್ಷವರ್ಷವೂ ತಪ್ಪದ ರಿಪೇರಿಯ ಹಣ: ಇಷ್ಟನ್ನು ಜಿಲ್ಲಾಧಿಕಾರಿಗಳೂ ಶಿಕ್ಷಣ ಇಲಾಖೆಯವರೂ ಮನಸ್ಸು ಮಾಡಿದರೆ ಒದಗಿಸಬಹುದು. ಪುರಜನರೂ ತಮ್ಮ ಪಾಲನ್ನು ಕೊಡಲು ಹಿಂಜರಿಯಲಾರರೆಂದು ನಂಬಿದ್ದೇವೆ.